ಲಕೋಟೆಯನ್ನು ಮಗುವಿನೆದುರು ತೆರೆಯಬೇಡಿ

ಪೋಷಕರಿಗೆ ನಮಸ್ಕಾರ.

ಆರೋಗ್ಯ ತಪಾಸಣೆಯ ಚೀಟಿ ಈ ಶನಿವಾರ ಅಂಟಿಸಿದ ಲಕೋಟೆಯಲ್ಲಿ ಮನೆಗೆ ಬರುತ್ತದೆ. ತೂಕ ಹೆಚ್ಚಿರುವವರಿಗೆ ಮಾತ್ರ ಕೊಟ್ಟರೆ ಲಕೋಟೆಯೇ ಅಡ್ಡಹೆಸರಾಗುತ್ತದೆ ಎಂದು ಎಲ್ಲ ಮಕ್ಕಳಿಗೂ ಕೊಡುತ್ತಿದ್ದೇವೆ. ತೂಗುವಾಗಲೂ ಒಬ್ಬೊಬ್ಬರನ್ನೇ ಒಳಗೆ ಕರೆದೆವು, ಅಂಕಿಯನ್ನು ಗಟ್ಟಿಯಾಗಿ ಓದಲಿಲ್ಲ. ನೀವೂ ಮಗು ಮಲಗಿದ ಮೇಲೆ ತೆರೆದು ನೋಡಿ.

ಚೀಟಿಯಲ್ಲಿರುವ ಬಿಎಂಐ ಎಂದರೆ ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದಾಗ ಬರುವ ಅಂಕಿ. ದೊಡ್ಡವರಿಗೆ 25 ಮುಟ್ಟಿದರೆ ಹೆಚ್ಚು ತೂಕ, 30 ಮುಟ್ಟಿದರೆ ಬೊಜ್ಜು ಎನ್ನುವ ಲೆಕ್ಕ ಇಲ್ಲಿ ನಡೆಯದು. ವಯಸ್ಸಿಗೆ ತಕ್ಕಂತೆ, ಗಂಡು ಹೆಣ್ಣಿಗೆ ತಕ್ಕಂತೆ ಗೆರೆ ಬದಲಾಗುತ್ತದೆ. 10 ವರ್ಷದ ಹುಡುಗ 138 ಸೆಂ.ಮೀ. ಎತ್ತರ, 46 ಕಿಲೋ ಇದ್ದಾನೆ ಎನ್ನಿ. ಅವನ ಬಿಎಂಐ 24.2. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಆ ವಯಸ್ಸಿನ ಹುಡುಗರಿಗೆ ಬೊಜ್ಜಿನ ಗೆರೆ 21.4. ಇಷ್ಟು ನೋಡಿದ್ದೇ ರಾತ್ರಿ ಊಟ ನಿಲ್ಲಿಸಿಬಿಡುತ್ತಾರೆ. ಬೇಡ. ತೂಕ 46ರಲ್ಲೇ ನಿಂತು, ವರ್ಷದಲ್ಲಿ ಎತ್ತರ 144ಕ್ಕೆ ಬಂದರೆ ಬಿಎಂಐ 22.2, 11 ವರ್ಷಕ್ಕೆ ಗೆರೆ 22.5. ಒಂದು ಕಿಲೋ ಕೂಡ ಇಳಿಸದೆ ಹುಡುಗ ಗೆರೆಯಿಂದ ಈಚೆಗೆ ಬಂದ. ಬೆಳೆಯುವ ಮಗುವಿಗಿರುವ ಈ ಅನುಕೂಲ ನಮಗೆ ನಿಮಗೆ ಇಲ್ಲ. ಅಂಕಿ ತೀರಾ ಮೇಲಿದ್ದರೆ, ಎತ್ತರ ಬೆಳೆಯುವುದು ನಿಂತಿದ್ದರೆ, ಮಕ್ಕಳ ವೈದ್ಯರೇ ಹೇಳಬೇಕು.

ಮನೆಯಲ್ಲಿ ನೋಡಲು ಒಂದು ದಾರ ಸಾಕು. ಎತ್ತರದಷ್ಟೇ ಉದ್ದಕ್ಕೆ ಕತ್ತರಿಸಿ, ಎರಡಾಗಿ ಮಡಚಿ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟಾಗ ಸುತ್ತಿ. ತುದಿಗಳು ಕೂಡದಿದ್ದರೆ ಹೊಟ್ಟೆಯಲ್ಲಿ ಕೊಬ್ಬು ಸೇರಿದೆ. ಒಂದೇ ಮಗುವಿಗೆ ಸುತ್ತಬೇಡಿ, ಅಪ್ಪನಿಂದ ಶುರುಮಾಡಿ.

ಕತ್ತಿನ ಹಿಂಭಾಗ, ಕಂಕುಳು ಮಕಮಲ್ಲಿನಂತೆ ದಪ್ಪಗಾಗಿ ಕಪ್ಪಾದರೆ ಕೊಳೆ ಎಂದು ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ಉಜ್ಜುವ ಮನೆಗಳು ಬಹಳ. ಅದು ಕೊಳೆಯಲ್ಲ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ನಿಗೆ ದೇಹ ಸರಿಯಾಗಿ ಓಗೊಡದೆ, ರಕ್ತದಲ್ಲಿ ಇನ್ಸುಲಿನ್ ಮಟ್ಟ ಏರಿದಾಗ ಸಾಮಾನ್ಯವಾಗಿ ಮೂಡುವ ಗುರುತು. ಉಜ್ಜಿದರೆ ಚರ್ಮ ಉರಿಯುತ್ತದೆ, ಅಷ್ಟೇ. ರಾತ್ರಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ಕಟ್ಟಿದಂತಾಗುವ ಮಗು ಮರುದಿನ ತರಗತಿಯಲ್ಲಿ ತೂಕಡಿಸುತ್ತದೆ. ಅದನ್ನು ‘ಸೋಮಾರಿ’ ಎಂದು ಕರೆದ ತಪ್ಪು ಶಾಲೆಯ ಕಡೆಯಿಂದಲೂ ಆಗುತ್ತದೆ. ಮಂಡಿ ನೋವು ಎಂದು ಕುಂಟಿದರೆ ಮುಲಾಮು ಹಚ್ಚಿ ಕಾಯಬೇಡಿ: ಭಾರಕ್ಕೆ ಸೊಂಟದ ಕೀಲಿನ ಗುಂಡು ಜಾರಿದರೆ ನೋವು ಕೆಲವೊಮ್ಮೆ ಮಂಡಿಯಲ್ಲೇ ಕಾಣಿಸಿಕೊಳ್ಳುತ್ತದೆ. ನಡೆಸದೆ, ಅದೇ ದಿನ ಮೂಳೆ ವೈದ್ಯರಿಗೆ ತೋರಿಸಿ. ಬಿ.ಪಿ. ನೋಡಿಸುವಾಗ ತೋಳಿನ ಪಟ್ಟಿ ಚಿಕ್ಕದಾದರೆ ಅಂಕಿ ಇದ್ದದ್ದಕ್ಕಿಂತ ಹೆಚ್ಚು ಬರುತ್ತದೆ, ತೋಳಿನ ಅಳತೆಗೆ ಹೊಂದುವ ಪಟ್ಟಿ ಕೇಳಿ. ಇನ್ನು ಥೈರಾಯ್ಡ್: ಎಲ್ಲರ ಮೊದಲ ಅನುಮಾನ ಅದೇ. ಆದರೆ ಥೈರಾಯ್ಡ್ ಕಡಿಮೆಯಾದ ಮಗುವಿನ ಎತ್ತರವೂ ಕುಂಠಿತವಾಗುತ್ತದೆ. ಎತ್ತರ ಚೆನ್ನಾಗಿ ಬೆಳೆಯುತ್ತಿದ್ದರೆ ತೂಕಕ್ಕೆ ಅದು ಕಾರಣವಾಗಿರುವುದು ಅಪರೂಪ.

ಮನಸ್ಸಿನ ಲಕ್ಷಣಗಳು ಚೀಟಿಯಲ್ಲಿ ಬರುವುದಿಲ್ಲ. ಪಿ.ಟಿ. ಇರುವ ದಿನವೇ ತಲೆನೋವು. ಬೇಸಿಗೆಯಲ್ಲೂ ಸ್ವೆಟರ್ ಬಿಚ್ಚದಿರುವುದು. ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲು. ಡಬ್ಬಿ ತುಂಬಿಯೇ ವಾಪಸ್ಸು, ಆದರೆ ಬ್ಯಾಗಿನ ತಳದಲ್ಲಿ ಬಿಸ್ಕತ್ ಪೊಟ್ಟಣದ ಕಾಗದ. ಮದುವೆಮನೆಯಲ್ಲಿ ‘ಯಾವ ಅಂಗಡಿ ಅಕ್ಕಿನಪ್ಪಾ ತಿನ್ನೋದು?’ ಎಂದು ಕೇಳುವ ನೆಂಟರಿಗೆ ಅದು ತಮಾಷೆ. ಮಗುವಿಗೆ ಅಂದಿನಿಂದ ಎಲ್ಲರೆದುರು ಊಟ ಕಷ್ಟ. ಎದುರಿಗೆ ತಿನ್ನದ್ದು ಹಸಿವಾಗಿ ಉಳಿದು ಕದ್ದು ತಿನ್ನುವುದಾಗುತ್ತದೆ, ತೂಕ ಇನ್ನೂ ಏರುತ್ತದೆ. ಹಾಗೆ ಕೇಳಿದವರನ್ನು ಅಲ್ಲೇ, ಮಗುವಿಗೆ ಕೇಳಿಸುವಂತೆ ತಡೆಯಿರಿ. ತರಗತಿಯಲ್ಲಿ ‘ಡುಮ್ಮ’, ‘ಆನೆಮರಿ’ಗೆ ನಾವು ಜವಾಬ್ದಾರರು, ಯಾವ ತರಗತಿ, ಯಾವ ಪೀರಿಯಡ್ ಎಂದು ತಿಳಿಸಿದರೆ ಸಾಕು. ಯೂನಿಫಾರಂ ಬಿಗಿಯಾದರೆ ಎಲಾಸ್ಟಿಕ್ ಸೊಂಟದ್ದು ಆಫೀಸಿನಲ್ಲಿ ಸಿಗುತ್ತದೆ.

ಊಟಕ್ಕಿಂತ ಎಡವಟ್ಟಾಗುವುದು ಸಂಜೆ. ವ್ಯಾನು ಟ್ರಾಫಿಕ್ಕಿನಲ್ಲಿ ನಿಂತು ನಿಂತು ಐದಕ್ಕೆ ಇಳಿಸುತ್ತದೆ, ಮಗು ಮಧ್ಯಾಹ್ನ ಒಂದರಿಂದ ಹಸಿದಿರುತ್ತದೆ. ಶಾಲೆಯಿಂದ 50 ಮೀಟರ್ ಒಳಗೆ ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿಂಡಿ ಮಾರಬಾರದೆಂದು 2020ರ ಆಹಾರ ಸುರಕ್ಷತಾ ನಿಯಮವಿದೆ. ಬೆಂಗಳೂರಿನಲ್ಲಿ 51ನೇ ಮೀಟರಿಗೆ ಬೇಕರಿ ಇದ್ದೇ ಇರುತ್ತದೆ. ಅಲ್ಲಿಯ 300 ಮಿ.ಲೀ. ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ, ಅಂದರೆ 6 ಚಮಚ. ಹಾಗಾಗಿ ಎರಡನೆಯ ಡಬ್ಬಿಯೊಂದನ್ನು ವ್ಯಾನಿಗೆಂದೇ ಕೊಡಿ: ಹುರಿದ ಕಡಲೆಕಾಯಿ ಒಂದು ಹಿಡಿ, ಬೆಂದ ಹೆಸರುಕಾಳು, ಸೀಬೆಹಣ್ಣು. ಮನೆಯಲ್ಲಿ ಬದಲಾವಣೆ ಎಲ್ಲರ ತಟ್ಟೆಗೂ ಇರಲಿ. ಅಣ್ಣನಿಗೆ ಚಿಪ್ಸು, ತಂಗಿಗೆ ಒಣ ಚಪಾತಿ ಎಂದರೆ ಅದು ಪಥ್ಯವಲ್ಲ, ಶಿಕ್ಷೆ. ಹಾಲಿಗೆ ಹಾಕುವ ಪುಡಿಯಲ್ಲೇ ಸಕ್ಕರೆ ಇರುತ್ತದೆ, ಅದರ ಮೇಲೆ ಅಜ್ಜಿ ಇನ್ನೊಂದು ಚಮಚ ಹಾಕುವುದನ್ನು ಮಾತ್ರ ನಯವಾಗಿ ನಿಲ್ಲಿಸಿ.

ದಿನಕ್ಕೆ 60 ನಿಮಿಷ ಮೈಬೆವರುವ ಆಟ ಬೇಕು. ಟೆರೇಸಿನಲ್ಲಿ ಕುಂಟೆಬಿಲ್ಲೆ 20 ನಿಮಿಷ, ಹೀಗೆ ಮೂರು ಕಂತಿನಲ್ಲಾದರೂ ಸರಿ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ. ಫೋನು ಮಲಗುವ ಕೋಣೆಯ ಹೊರಗೆ ಚಾರ್ಜಾಗಲಿ.

ಮಗು ಮಂಕಾಗಿದ್ದರೆ, ‘ನಾನಿರಬಾರದು’ ಎಂಬಂಥ ಮಾತು ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಚೀಟಿಯ ಬಗ್ಗೆ ನಮ್ಮೊಡನೆ ಮಾತಾಡಲು ಮುಂದಿನ ವಾರ ಬೆಳಿಗ್ಗೆ 9ರಿಂದ 10ರವರೆಗೆ ಬನ್ನಿ. ಆ ಹೊತ್ತಿಗೆ ಮಗು ತರಗತಿಯಲ್ಲಿರುತ್ತದೆ, ಹೊರಗೆ ಕರೆಸುವುದಿಲ್ಲ.

ಇಂತು,
ಮುಖ್ಯ ಶಿಕ್ಷಕರು