ಪ್ರೊಪೆಲ್ಲರ್ ಆರಿಸುವ ಮುನ್ನ ಟ್ಯಾಕೋಮೀಟರ್ ನೋಡಿ

ಸಂಪಾದಕರಿಗೆ,

ವೇಗದ ಮೋಟಾರ್ ದೋಣಿಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ಅದರಲ್ಲಿ ‘ಪಿಚ್ ಹೆಚ್ಚಿದಷ್ಟೂ ದೋಣಿಯ ವೇಗ ಹೆಚ್ಚುತ್ತದೆ’ ಎಂಬ ಮಾತೊಂದಿತ್ತು. ಅದು ಅರ್ಧ ಮಾತ್ರ ನಿಜ. ಆ ಅರ್ಧವನ್ನೇ ನಂಬಿ ದುಬಾರಿ ಎಂಜಿನ್ ಕೆಡಿಸಿಕೊಳ್ಳುವವರಿಗೆ ಕೊರತೆಯಿಲ್ಲದ ಕಾರಣ ಇಷ್ಟು ಬರೆಯಬೇಕಾಯಿತು.

ನೀರು ಒಂದಿಷ್ಟೂ ಜಾರದೆ ಗಟ್ಟಿಯಾಗಿ ನಿಂತಿದ್ದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗುತ್ತಿತ್ತೋ ಅದು ಪಿಚ್. ಬ್ಲೇಡ್‌ಗಳು ಕೂಡುವ ನಡುಭಾಗವಾದ ಹಬ್ ಮೇಲೆ ಎರಡು ಸಂಖ್ಯೆ ಕೆತ್ತಿದ್ದರೆ ಸಾಮಾನ್ಯವಾಗಿ ಮೊದಲನೆಯದು ವ್ಯಾಸ, ಎರಡನೆಯದು ಪಿಚ್. ಎಂಜಿನ್ ಆರ್‌ಪಿಎಂ (ನಿಮಿಷಕ್ಕೆ ತಿರುಗುವ ಸುತ್ತು) ಅನ್ನು ಗೇರ್ ಅನುಪಾತದಿಂದ (ಪ್ರೊಪೆಲ್ಲರ್‌ನ ಒಂದು ಸುತ್ತಿಗೆ ಎಂಜಿನ್ ಎಷ್ಟು ಸುತ್ತು ತಿರುಗುತ್ತದೆ ಎಂಬ ಸಂಖ್ಯೆ) ಭಾಗಿಸಿ, ಪಿಚ್‌ನಿಂದ ಗುಣಿಸಿ, 656ರಿಂದ ಭಾಗಿಸಿದರೆ ಗಂಟೆಗೆ ಇಷ್ಟು ಕಿ.ಮೀ. ಎಂಬ ಲೆಕ್ಕದ ವೇಗ ಸಿಗುತ್ತದೆ. ಮೈಲಿಯಲ್ಲಿ ಬೇಕಾದವರು 1056ರಿಂದ ಭಾಗಿಸಬೇಕು. ಈ ಲೆಕ್ಕದ ವೇಗಕ್ಕೂ ಜಿಪಿಎಸ್ ತೋರಿಸುವ ವೇಗಕ್ಕೂ ಇರುವ ವ್ಯತ್ಯಾಸವೇ ಸ್ಲಿಪ್.

ಒಂದು ಲೆಕ್ಕ ಹಾಕಿ ನೋಡೋಣ. ಪೂರ್ತಿ ಥ್ರಾಟಲ್‌ನಲ್ಲಿ (ಎಕ್ಸಿಲರೇಟರ್) 5600ರಿಂದ 6200 ಆರ್‌ಪಿಎಂ ನಡುವೆ ಓಡಬೇಕಾದ, ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ ಔಟ್‌ಬೋರ್ಡ್ ಎಂಜಿನ್, ಗೇರ್ ಅನುಪಾತ 1.75. 26 ಇಂಚು ಪಿಚ್ ಹಾಕಿದಾಗ ಎಂಜಿನ್ 5500ಕ್ಕಿಂತ ಮೇಲೇರುತ್ತಿಲ್ಲ, ಜಿಪಿಎಸ್ 108 ಕಿ.ಮೀ. ತೋರಿಸುತ್ತಿದೆ. ಲೆಕ್ಕದ ವೇಗ 124.5 ಬರುತ್ತದೆ, ಅಂದರೆ ಸ್ಲಿಪ್ ಅದರ ಶೇ 13ರ ಮೇಲೆ. ಅದೇ ದೋಣಿಗೆ 24 ಇಂಚು ಹಾಕಿದಾಗ ಎಂಜಿನ್ 5850 ಮುಟ್ಟಿ ವೇಗ 110 ಬಂತೆಂದುಕೊಳ್ಳಿ. ಲೆಕ್ಕದ ವೇಗ 122.3, ಸ್ಲಿಪ್ ಶೇ 10. ಪಿಚ್ ಎರಡು ಇಂಚು ಕಡಿಮೆ, ಓಟ ಎರಡು ಕಿ.ಮೀ. ಹೆಚ್ಚು. ಎಂಜಿನ್ ತನ್ನ ಪೂರ್ತಿ ಶಕ್ತಿ ಕೊಡುವ ಆರ್‌ಪಿಎಂ ತಲುಪದಿದ್ದರೆ ದೊಡ್ಡ ಪಿಚ್‌ನಿಂದ ಏನೂ ಗಿಟ್ಟುವುದಿಲ್ಲ. ಪ್ರೊಪೆಲ್ಲರ್ ಹೊಸದಾಗಿ ಶಕ್ತಿ ಹುಟ್ಟಿಸುವುದಿಲ್ಲ, ಇರುವ ಶಕ್ತಿಯನ್ನು ನೀರಿಗೆ ಮುಟ್ಟಿಸುತ್ತದೆ, ಅಷ್ಟೆ. ತೂಕ ಬದಲಾಗದೆ ದೋಣಿ ಶೇ 10ರಷ್ಟು ಹೆಚ್ಚು ವೇಗವಾಗಿ ಓಡಬೇಕೆಂದರೆ ಅಶ್ವಶಕ್ತಿ ಸುಮಾರು ಶೇ 20 ಹೆಚ್ಚಬೇಕು ಎಂಬುದು ಹಳೆಯ ಕ್ರೌಚ್ ಸೂತ್ರದ ಲೆಕ್ಕ. ಪ್ರೊಪೆಲ್ಲರ್ ಬದಲಿಸಿದ ಮಾತ್ರಕ್ಕೆ 20 ಕಿ.ಮೀ. ಹೆಚ್ಚಿತು ಎಂದು ಯಾರಾದರೂ ಹೇಳಿದರೆ, ಮೊದಲು ಹಾಕಿದ್ದು ಎಷ್ಟು ತಪ್ಪು ಪ್ರೊಪೆಲ್ಲರ್ ಆಗಿತ್ತು ಎಂದು ಕೇಳಬೇಕು.

ಪಿಚ್ ಅತಿಯಾದರೆ ವೇಗ ಹೋಗುವುದು ಸಣ್ಣ ನಷ್ಟ. ಥ್ರಾಟಲ್ ಪೂರ್ತಿ ತೆರೆದಿದ್ದರೂ ಎಂಜಿನ್ ತಿರುಗಲಾರದೆ ಏದುಸಿರು ಬಿಡುತ್ತದೆ, ಏರು ಹತ್ತುವ ಲಾರಿಯನ್ನು ಟಾಪ್ ಗೇರ್‌ನಲ್ಲೇ ದಬಾಯಿಸಿದ ಹಾಗೆ. ಸಿಲಿಂಡರ್‌ನಲ್ಲಿ ಒತ್ತಡ, ಶಾಖ ಎರಡೂ ಏರಿ ನಾಕಿಂಗ್, ಅಂದರೆ ಇಂಧನ ಹದವಾಗಿ ಉರಿಯದೆ ಸಿಡಿಯುವುದು, ಶುರುವಾಗುತ್ತದೆ. ಪಿಸ್ಟನ್ ತಲೆ ತೂತಾಗುವುದು, ರಿಂಗ್ ಕೂರುವ ಅಂಚು ಒಡೆಯುವುದು, ಬೇರಿಂಗ್ ಸವೆಯುವುದು ಇದರ ಮುಂದಿನ ಹಂತಗಳು. ನಾಕಿಂಗ್ ಸದ್ದು ನೀರಿನ ಗದ್ದಲದಲ್ಲಿ ಕಿವಿಗೆ ಬೀಳುವುದೂ ಇಲ್ಲ. ಪಿಚ್ ತೀರಾ ಕಡಿಮೆಯಾದರೆ ಎಂಜಿನ್ ಮಿತಿ ಮೀರಿ ತಿರುಗಿ, ಸುತ್ತಿಗೆ ತಡೆ ಹಾಕುವ ರೆವ್ ಲಿಮಿಟರ್‌ಗೆ ತಗಲುತ್ತದೆ. ಇದಾದರೂ ಕಿವಿಗೆ ಕೇಳಿಸುತ್ತದೆ, ಕೈ ತಾನಾಗಿ ಥ್ರಾಟಲ್ ಇಳಿಸುತ್ತದೆ.

ಹಾಗಾಗಿ ಮೊದಲ ಕೆಲಸ ಆರ್‌ಪಿಎಂ ಅಳೆಯುವುದು. ದೋಣಿಯಲ್ಲಿ ಯಾವಾಗಲೂ ಇರುವಷ್ಟು ಜನ, ಸಾಮಾನು ಇರಲಿ, ಇಂಧನ ಅರ್ಧ ಟ್ಯಾಂಕ್ ಇರಲಿ. ಒಂದೇ ಜಾಡಿನಲ್ಲಿ ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆಯಬೇಕು, ಇಲ್ಲದಿದ್ದರೆ ಗಾಳಿ ಮತ್ತು ಪ್ರವಾಹ ಲೆಕ್ಕವನ್ನು ಕೆಡಿಸುತ್ತವೆ. ಟ್ರಿಮ್ (ಎಂಜಿನ್ ವಾಲಿರುವ ಕೋನ) ಅನ್ನು ಸ್ವಲ್ಪ ಸ್ವಲ್ಪವೇ ಮೇಲೆತ್ತುತ್ತಾ ವೇಗ ಏರುವುದು ನಿಂತಲ್ಲಿ ನಿಲ್ಲಿಸಿ ಸಂಖ್ಯೆ ಬರೆದುಕೊಳ್ಳಿ. ಆರ್‌ಪಿಎಂ ತೋರಿಸುವ ಹಳೆಯ ಮುಳ್ಳಿನ ಟ್ಯಾಕೋಮೀಟರ್ 200–300 ಆರ್‌ಪಿಎಂ ಸುಳ್ಳು ಹೇಳುವುದು ಹೊಸತೇನಲ್ಲ. ಎಂಜಿನ್ ಕಂಪ್ಯೂಟರ್‌ನಿಂದ ಓದಲು ಸಾಧ್ಯವಿದ್ದರೆ ಅದನ್ನೇ ನಂಬಿ. ಪಿಚ್ ಒಂದು ಇಂಚು ಇಳಿಸಿದರೆ ಎಂಜಿನ್ ಸುಮಾರು 150–200 ಆರ್‌ಪಿಎಂ ಏರುತ್ತದೆ, ಏರಿಸಿದರೆ ಅಷ್ಟೇ ಇಳಿಯುತ್ತದೆ. ತಯಾರಕರು ಹೇಳಿದ ಮಿತಿಯ ಮೇಲಿನ ಅರ್ಧದಲ್ಲಿ ಎಂಜಿನ್ ನಿಲ್ಲುವಂತೆ ಪಿಚ್ ಆರಿಸುವುದು ಸರಿ. ಸೆಕೆ ಹೆಚ್ಚಿದ ದಿನ, ಇನ್ನಿಬ್ಬರು ಹತ್ತಿದ ದಿನ ಆರ್‌ಪಿಎಂ ಇಳಿಯುತ್ತದೆ. ಆಗಲೂ ಮಿತಿಯೊಳಗೇ ಇರಬೇಕಲ್ಲ. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಎತ್ತರಕ್ಕೆ, ಟರ್ಬೊ ಅಥವಾ ಸೂಪರ್‌ಚಾರ್ಜರ್ ಇಲ್ಲದ ಎಂಜಿನ್ ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಕಡಲಲ್ಲಿ ಸರಿಹೊಂದಿದ ಪ್ರೊಪೆಲ್ಲರ್ ಎತ್ತರದ ಸರೋವರದಲ್ಲಿ ಭಾರವಾಗುವುದು ಇದಕ್ಕೇ.

ಸ್ಲಿಪ್ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಸ್ಲಿಪ್ ಪೂರ್ತಿ ವ್ಯರ್ಥವಲ್ಲ. ಬ್ಲೇಡ್ ನೀರನ್ನು ಒಂದಿಷ್ಟು ಕೋನದಲ್ಲಿ ಎದುರಿಸಿದರೆ ಮಾತ್ರ ನೂಕುಬಲ ಹುಟ್ಟುತ್ತದೆ, ಆ ಕೋನವೇ ಸ್ಲಿಪ್ ಆಗಿ ಕಾಣುವುದು. ಹಗುರವಾದ, ವೇಗದ ವಿ-ತಳದ ದೋಣಿಯಲ್ಲಿ ಶೇ 8ರಿಂದ 12 ಇದ್ದರೆ ಒಳ್ಳೆಯದೇ. ಶೇ 2 ಬಂತು, ಸೊನ್ನೆ ಬಂತು ಎಂದರೆ ಹಿಗ್ಗಬೇಕಾಗಿಲ್ಲ. ಹಬ್ ಮೇಲಿನ ಪಿಚ್, ಗೇರ್ ಅನುಪಾತ, ಟ್ಯಾಕೋಮೀಟರ್ ಈ ಮೂರರಲ್ಲಿ ಒಂದು ಸುಳ್ಳು.

ಆರ್‌ಪಿಎಂ ಸರಿಹೋದ ಮೇಲೆ ದೋಣಿಯ ತಳ ಏನು ಕೇಳುತ್ತದೆ ಎಂದು ನೋಡಬೇಕು. ಬ್ಲೇಡ್ ಎಷ್ಟು ಹಿಂದಕ್ಕೆ ವಾಲಿದೆ ಎಂಬುದು ರೇಕ್. ರೇಕ್ ಹೆಚ್ಚಿದ್ದರೆ ಸಾಮಾನ್ಯವಾಗಿ ಮೂತಿ ಮೇಲೇಳುತ್ತದೆ, ತಳದ ಬಹುಭಾಗ ನೀರು ಬಿಟ್ಟು ಘರ್ಷಣೆ ಇಳಿಯುತ್ತದೆ. ಮೂತಿ ಭಾರವಿರುವ, ಎಷ್ಟು ಟ್ರಿಮ್ ಮಾಡಿದರೂ ನೀರಿಗೆ ಅಂಟಿಕೊಂಡೇ ಓಡುವ ದೋಣಿಗೆ ಇದು ಹೇಳಿಮಾಡಿಸಿದ್ದು. ಆದರೆ ಮೂತಿ ಮೊದಲೇ ಹಗುರವಿದ್ದು ಕುಪ್ಪಳಿಸುವ ದೋಣಿಗೆ ಇದನ್ನೇ ಹಾಕಿದರೆ ಕುಪ್ಪಳಿಕೆ ಹೆಚ್ಚುತ್ತದೆ, ವೇಗದಲ್ಲಿ ದೋಣಿ ಎಡಕ್ಕೂ ಬಲಕ್ಕೂ ತೊನೆಯಲು ಶುರುಮಾಡುತ್ತದೆ. ಅಂಥ ದೋಣಿಗೆ ಹಿಂಭಾಗವನ್ನು ಎತ್ತಿಹಿಡಿಯುವ ನಾಲ್ಕು ಬ್ಲೇಡ್‌ನದು ವಾಸಿ. ಮೂರು ಬ್ಲೇಡ್‌ನಿಂದ ನಾಲ್ಕಕ್ಕೆ ಹೋಗುವಾಗ ಪಿಚ್ ಒಂದು ಇಂಚು ಇಳಿಸಿ ಪ್ರಯತ್ನ ಆರಂಭಿಸುವುದು ವಾಡಿಕೆ. ತುದಿ ವೇಗದಲ್ಲಿ ಒಂದೆರಡು ಕಿ.ಮೀ. ಹೋಗಬಹುದು. ಬದಲಿಗೆ ತಿರುವಿನಲ್ಲಿ ಹಿಡಿತ, ಮಧ್ಯಮ ವೇಗದಲ್ಲಿ ನೆಮ್ಮದಿ, ಕಡಿಮೆ ಕಂಪನ ಸಿಗುತ್ತವೆ. ಸ್ಪರ್ಧೆಗೆ ಹೋಗದವರಿಗೆ ಇದು ಲಾಭದ ವ್ಯಾಪಾರವೇ.

ವ್ಯಾಸದ ವಿಷಯದಲ್ಲಿ ಹೆಚ್ಚು ಆಟ ಆಡಬೇಡಿ. ಅದೇ ಆಕಾರದ ಪ್ರೊಪೆಲ್ಲರ್‌ನ ವ್ಯಾಸ ಶೇ 5 ಹೆಚ್ಚಿದರೂ ಅದೇ ಆರ್‌ಪಿಎಂನಲ್ಲಿ ತಿರುಗಿಸಲು ಹೆಚ್ಚುಕಡಿಮೆ ಕಾಲುಭಾಗ ಹೆಚ್ಚು ಶಕ್ತಿ ಬೇಕು.

ಅಂಗಡಿಯಲ್ಲಿ ಯಾರೂ ಮಾತಾಡದ, ಆದರೆ ವೇಗದ ದೋಣಿಗೆ ಬಹಳ ಮುಖ್ಯವಾದ ಸಂಗತಿ ಕಪ್. ಬ್ಲೇಡ್‌ನ ಹಿಂದಂಚಿನ ಮೇಲೆ ಹೆಬ್ಬೆರಳು ಸವರಿದರೆ ಉಗುರು ಸಿಕ್ಕಿಕೊಳ್ಳುವಂಥ ಸಣ್ಣ ಮಡಿಕೆ ಇರುತ್ತದಲ್ಲ, ಅದೇ. ಕಣ್ಣಿಗೆ ಏನೂ ಅಲ್ಲ ಎನ್ನಿಸುವ ಈ ಮಡಿಕೆ ಅರ್ಧದಿಂದ ಒಂದು ಇಂಚು ಪಿಚ್ ಕೂಡಿಸಿದಷ್ಟು ಕೆಲಸ ಮಾಡಿ 150–300 ಆರ್‌ಪಿಎಂ ಇಳಿಸಬಲ್ಲದು. ಅದರ ನಿಜವಾದ ಉಪಯೋಗ ಬೇರೆ: ನೀರಿಗೆ ಗಾಳಿ ಬೆರೆತಾಗಲೂ ಪ್ರೊಪೆಲ್ಲರ್ ಹಿಡಿತ ಬಿಡದಂತೆ ಅದು ನೋಡಿಕೊಳ್ಳುತ್ತದೆ. ಕಪ್ ಇದ್ದರೆ ಎಂಜಿನ್ ಅನ್ನು ಮೇಲಕ್ಕೆ ಕೂರಿಸಬಹುದು. ಎಂಜಿನ್ನಿನ ಕೆಳತುದಿಯ ಗೇರ್‌ಕೇಸ್ ನೀರಿನಿಂದ ಮೇಲೆ ಬಂದಷ್ಟೂ ಎಳೆತ ಕಡಿಮೆ. ವೇಗ ಸಿಗುವುದು ಬಹುಪಾಲು ಇಲ್ಲಿಂದ. ದುರಸ್ತಿ ಮಾಡುವವರು ಬ್ಲೇಡ್ ಉಜ್ಜಿ ಹೊಳಪು ಕೊಡುವ ಉತ್ಸಾಹದಲ್ಲಿ ಈ ಮಡಿಕೆಯನ್ನೇ ಸವೆಸಿಬಿಡುತ್ತಾರೆ. ಪ್ರೊಪೆಲ್ಲರ್ ಫಳಫಳ ಹೊಳೆಯುತ್ತದೆ, ದೋಣಿ ಮಾತ್ರ ಮೊದಲಿನಂತೆ ಓಡುವುದಿಲ್ಲ.

ಎಂಜಿನ್ ಎತ್ತರವನ್ನು, ಅದನ್ನು ಏರಿಸಿ ಇಳಿಸುವ ಜ್ಯಾಕ್ ಪ್ಲೇಟ್ ಇದ್ದರೆ ಅರ್ಧರ್ಧ ಇಂಚಿನಂತೆ, ಇಲ್ಲದಿದ್ದರೆ ಬ್ರಾಕೆಟ್‌ನ ಒಂದೊಂದೇ ತೂತಿನಂತೆ ಏರಿಸಿ. ಪ್ರತಿ ಸಲವೂ ಕೂಲಿಂಗ್ ನೀರಿನ ಒತ್ತಡದ ಗೇಜ್ ನೋಡಲೇಬೇಕು. ಒತ್ತಡ ತಯಾರಕರು ಹೇಳಿದ್ದಕ್ಕಿಂತ ಇಳಿದರೆ, ವೇಗ ಎಷ್ಟೇ ಏರಿದ್ದರೂ ಒಂದು ಮೆಟ್ಟಿಲು ಕೆಳಗಿಳಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪ್ರೊಪೆಲ್ಲರ್, ಎತ್ತರ, ಟ್ರಿಮ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಯಾರಿಗೂ ತಿಳಿಯದು.

ತಿರುವಿನಲ್ಲಿ ಎಂಜಿನ್ ಒಮ್ಮೆಲೇ ಕಿರುಚಿ ದೋಣಿ ಸೋತರೆ ಎಲ್ಲರೂ ‘ಕ್ಯಾವಿಟೇಶನ್’ ಎನ್ನುತ್ತಾರೆ. ಬಹುತೇಕ ಅದು ವೆಂಟಿಲೇಶನ್: ಮೇಲ್ಮೈಯ ಗಾಳಿಯೋ ಎಂಜಿನ್ ಹೊಗೆಯೋ ಬ್ಲೇಡ್‌ಗೆ ಸೇರಿಕೊಂಡಿರುತ್ತದೆ. ಎಂಜಿನ್ ಸ್ವಲ್ಪ ಇಳಿಸುವುದು, ಟ್ರಿಮ್ ಒಳಗೆ ತರುವುದು, ಕಪ್ ಹೆಚ್ಚಿರುವ ಪ್ರೊಪೆಲ್ಲರ್ ಹಾಕುವುದು ಇದಕ್ಕೆ ಮದ್ದು. ಕ್ಯಾವಿಟೇಶನ್ ಬೇರೆಯೇ. ಬ್ಲೇಡ್ ಬೆನ್ನಿನ ಮೇಲೆ ಒತ್ತಡ ಕುಸಿದು ನೀರು ತಣ್ಣಗಿರುವಾಗಲೇ ಕುದಿದು ಆವಿಯಾಗುತ್ತದೆ. ಆ ಗುಳ್ಳೆಗಳು ಒಡೆದಲ್ಲಿ ಲೋಹ ಕಿತ್ತುಬರುತ್ತದೆ. ಮುಂದಂಚಿನಲ್ಲಿ ಒಂದು ಸಣ್ಣ ನೆಗ್ಗು ಇದ್ದರೆ ಅದರ ಹಿಂದೆಯೇ ಸುಟ್ಟಂಥ ಒರಟು ಗುಳಿಗಳು ಕಾಣುವುದು ಇದಕ್ಕೇ. ಉಗಿ ಟರ್ಬೈನ್ ರೂಪಿಸಿದ ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ನೀರಿಗಿಳಿಸಿದ ‘ಟರ್ಬಿನಿಯಾ’ ಹಡಗು ಒಂದೇ ಶಾಫ್ಟ್ ಇದ್ದಾಗ ಈ ಕಾರಣಕ್ಕೇ ನಿರಾಸೆ ಮಾಡಿತ್ತು. ಮೂರು ಶಾಫ್ಟ್‌ಗಳ ಮೇಲೆ ಮೂರು ಮೂರರಂತೆ ಒಂಬತ್ತು ಪ್ರೊಪೆಲ್ಲರ್ ಹಾಕಿ ಹೊರೆ ಹಂಚಿದ ಮೇಲೆ, 1897ರಲ್ಲಿ ಇಂಗ್ಲೆಂಡಿನ ಸ್ಪಿಟ್‌ಹೆಡ್ ನೌಕಾ ಪ್ರದರ್ಶನದಲ್ಲಿ ಕಾವಲು ದೋಣಿಗಳಿಗೂ ಸಿಗದಂತೆ ಓಡಿತು.

ಅತಿವೇಗದ ದೋಣಿಗಳು ಈ ತೊಂದರೆಯನ್ನು ಬೇರೆ ದಾರಿಯಿಂದ ದಾಟುತ್ತವೆ. ಕ್ಲೀವರ್ ಮಾದರಿಯ ಪ್ರೊಪೆಲ್ಲರ್ ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ ತಿರುಗಲೆಂದೇ ಮಾಡಿದ್ದು. ಅದರ ಬ್ಲೇಡ್ ಅಡ್ಡಕೊಯ್ತದಲ್ಲಿ ಬೆಣೆಯಂತೆ: ಮುಂದಂಚು ಚೂಪು, ಹಿಂದಂಚು ದಪ್ಪ, ನೇರ. ಬೆನ್ನ ಮೇಲೆ ಆವಿಯ ಗುಳ್ಳೆಯ ಜಾಗದಲ್ಲಿ ಗಾಳಿ ತುಂಬಿಕೊಳ್ಳುವುದರಿಂದ ಲೋಹ ಕಿತ್ತುಹೋಗುವುದಿಲ್ಲ. ಇದು ಹಿಂಭಾಗವನ್ನು ಎತ್ತುತ್ತದೆ. ತುದಿ ಹಿಂದಕ್ಕೆ ಚಾಚಿದ ಚಾಪರ್ ಮಾದರಿ ಮೂತಿಯನ್ನು ಎತ್ತುತ್ತದೆ. ಕುಟುಂಬ ಸಮೇತ ಹೋಗುವ ಭಾರದ ದೋಣಿಗೆ ಅಂದಕ್ಕೆಂದು ಕ್ಲೀವರ್ ಹಾಕಿಸಿಕೊಂಡವರು, ದೋಣಿ ನೀರಿನ ಮೇಲೇಳದೆ ಬಾಲ ಮುಳುಗಿಸಿಕೊಂಡು ಒದ್ದಾಡುವುದನ್ನು ನೋಡಬೇಕಾಗುತ್ತದೆ. ನಿಂತಲ್ಲಿಂದ ಏಳುವುದೇ ಕಷ್ಟವಾಗಿದ್ದರೆ ಹಬ್‌ನಲ್ಲಿ ತೂತುಗಳಿರುವ ಪ್ರೊಪೆಲ್ಲರ್ ನೋಡಿ. ಹೊರಟ ಗಳಿಗೆಯಲ್ಲಿ, ಹಬ್ ಮೂಲಕ ಹೊರಹೋಗುವ ಎಂಜಿನ್ ಹೊಗೆಯಲ್ಲಿ ಒಂದಿಷ್ಟು ಬ್ಲೇಡ್‌ಗೆ ಹರಿದು ಎಂಜಿನ್ ಬೇಗ ಸುತ್ತು ಹಿಡಿಯುತ್ತದೆ, ವೇಗ ಬಂದ ಮೇಲೆ ತೂತುಗಳಿಂದ ಹೊಗೆ ಬರುವುದು ನಿಲ್ಲುತ್ತದೆ.

ಲೋಹದ ವಿಚಾರ ಸುಲಭ: 80 ಕಿ.ಮೀ. ಮೇಲೆ ಓಡುವ ದೋಣಿಗೆ ಸ್ಟೇನ್‌ಲೆಸ್ ಸ್ಟೀಲ್. ಅಲ್ಯೂಮಿನಿಯಂ ಬ್ಲೇಡ್ ದಪ್ಪ, ಹೊರೆ ಬಿದ್ದಾಗ ಬಾಗುತ್ತದೆ, ಬಾಗಿದಾಗ ಪಿಚ್ ಬದಲಾಗುತ್ತದೆ.

ತಯಾರಕರಲ್ಲಿ ಒಂದು ಒತ್ತಾಯವಿದೆ. ಇಬ್ಬರು ತಯಾರಕರ 24 ಇಂಚು ಪಿಚ್ ಒಂದೇ ಆಗಿರುವುದಿಲ್ಲ. ಒಬ್ಬರು ಕಪ್ ಸೇರಿಸಿ ಹೇಳುತ್ತಾರೆ, ಇನ್ನೊಬ್ಬರು ಬಿಟ್ಟು. ಕೆಲವು ಬ್ಲೇಡ್‌ಗಳಲ್ಲಿ ಮುಂದಂಚಿನಿಂದ ಹಿಂದಂಚಿಗೆ ಹೋದಂತೆ ಪಿಚ್ ಏರುತ್ತದೆ, ಅಲ್ಲಿ ಹಬ್ ಮೇಲಿನ ಸಂಖ್ಯೆ ಬರೀ ಸರಾಸರಿ. ಅಳತೆಯ ನಿಖರತೆಗೆ ಐಎಸ್‌ಒ 484 ಮಾನದಂಡವೇನೋ ಇದೆ. ಆದರೆ ಅದರ ಎರಡನೇ ಭಾಗ ಅನ್ವಯಿಸುವುದು 0.80 ಮೀಟರ್‌ನಿಂದ 2.50 ಮೀಟರ್ ವ್ಯಾಸದವಕ್ಕೆ, ಮೊದಲನೇ ಭಾಗ ಅದಕ್ಕೂ ದೊಡ್ಡವಕ್ಕೆ. 15 ಇಂಚಿನ ಔಟ್‌ಬೋರ್ಡ್ ಪ್ರೊಪೆಲ್ಲರ್ ಎರಡಕ್ಕೂ ಹೊರಗೇ ಉಳಿಯುತ್ತದೆ. ಪ್ರತಿ ಬ್ಲೇಡ್‌ನ ಅಳೆದ ಪಿಚ್, ರೇಕ್, ಕಪ್ ಎಷ್ಟೆಂದು ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಕೊಳ್ಳುವವರ ಊಹೆಯ ಕೆಲಸ ಅರ್ಧಕ್ಕಿಳಿಯುತ್ತದೆ. ಅಲ್ಲಿಯವರೆಗೆ, ಪ್ರಯೋಗಕ್ಕೆ ಕೊಟ್ಟು ಹೊಂದದಿದ್ದರೆ ಹಿಂದಕ್ಕೆ ಪಡೆಯುವವರಲ್ಲೇ ಕೊಳ್ಳುವುದು ಲೇಸು. ಪತ್ರಿಕೆಗಳೂ ದೋಣಿಯ ವೇಗ ಬರೆಯುವಾಗ ಆರ್‌ಪಿಎಂ, ಗೇರ್ ಅನುಪಾತ, ಪಿಚ್ ಮೂರನ್ನೂ ಕೊಟ್ಟರೆ ಓದುಗರೇ ಲೆಕ್ಕ ಹಾಕಿ ತಾಳೆ ನೋಡಬಹುದು.

ಪ್ರಯೋಗದ ದಿನ ಪ್ರೊಪೆಲ್ಲರ್ ಹಲವು ಸಲ ಬಿಚ್ಚಿ ಹಾಕಬೇಕಾಗುವುದರಿಂದ ಇದೊಂದನ್ನು ಸೇರಿಸುತ್ತೇನೆ. ಬ್ಲೇಡ್ ಮುಟ್ಟುವ ಮೊದಲು ಗೇರ್ ನ್ಯೂಟ್ರಲ್‌ನಲ್ಲಿರಲಿ, ಕೀ ಮತ್ತು ಕಿಲ್ ಸ್ವಿಚ್ (ಎಂಜಿನ್ ನಿಲ್ಲಿಸುವ ತುರ್ತು ಸ್ವಿಚ್) ಹಗ್ಗ ಎರಡೂ ಕಳಚಿ ಕೈಯಲ್ಲಿರಲಿ. ನಟ್ ತಿರುಗಿಸುವಾಗ ಬ್ಲೇಡ್‌ಗೂ ಅದರ ಮೇಲಿನ ಪ್ಲೇಟ್‌ಗೂ ನಡುವೆ ಮರದ ತುಂಡು ಕೊಡಿ, ಕೈಯಿಂದ ಹಿಡಿಯಬೇಡಿ. ಪ್ರೊಪೆಲ್ಲರ್‌ನ ಮುಂದಿರುವ ಥ್ರಸ್ಟ್ ವಾಷರ್ ತೆಗೆದಾಗ ಅದರ ಹಿಂದೆ ಮೀನಿನ ಗಾಳದ ದಾರ ಸುತ್ತಿಕೊಂಡಿದೆಯೇ ನೋಡಿ. ಇದ್ದರೆ ಅದು ಸೀಲ್ ಕೊಯ್ದು ಗೇರ್ ಆಯಿಲ್‌ಗೆ ನೀರು ಸೇರಿಸುತ್ತದೆ. ಶಾಫ್ಟ್ ಮೇಲಿನ ಹಲ್ಲುಗಳಿಗೆ (ಸ್ಪ್ಲೈನ್) ನೀರಿನಲ್ಲಿ ಕರಗದ ಗ್ರೀಸ್ ಹಚ್ಚಿ, ವಾಷರ್ ಅನ್ನು ಮೊದಲಿದ್ದ ದಿಕ್ಕಿನಲ್ಲೇ ಕೂರಿಸಿ, ನಟ್ ಅನ್ನು ತಯಾರಕರು ಹೇಳಿದ ಟಾರ್ಕ್‌ಗೆ ಬಿಗಿದು, ಮೊದಲ ಓಟ ಮುಗಿಸಿ ಬಂದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ.

– ದೋಣಿ ಎಂಜಿನ್ ತಂತ್ರಜ್ಞ