ಭಾನುವಾರದ ಶಂಖದ ಪಾಠ: ಶನಿವಾರದೊಳಗೆ ಬರೆದು ಕಳಿಸಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಆನ್‌ಲೈನ್‌ನಲ್ಲಿ ಸೇರುತ್ತೇವೆ. ಈ ಸಲದ್ದು ಕ್ಯಾಂಪನೈಲ್ ಜೈಗಾಂಟಿಯಮ್. ಪ್ಯಾರಿಸ್ ಸುತ್ತಲಿನ ಸುಣ್ಣಕಲ್ಲಿನಲ್ಲಿ ಸಿಗುವ, ಈಯೊಸೀನ್ ಕಾಲದ ಕಡಲ ಬಸವನಹುಳು. ಸುಮಾರು 4.5 ಕೋಟಿ ವರ್ಷ ಹಳೆಯದು. ಚಿಪ್ಪು 40 ಸೆಂ.ಮೀ. ದಾಟುತ್ತದೆ, ಹೆಚ್ಚುಕಮ್ಮಿ ಒಂದು ಮೊಳ!

ಫೋಟೊ ಹಾಕಿದ್ದೇನೆ. ಕಂಡಿದ್ದನ್ನು ಮಾತ್ರ ಬರೆಯಿರಿ: ಎತ್ತರ, ಅಗಲ, ಸುರುಳಿಗಳೆಷ್ಟು, ಸುರುಳಿ ಕೂಡುವ ಗೆರೆಯ ಹತ್ತಿರದ ಗಂಟುಗಳು, ಬಾಯಿಯ ಆಕಾರ. ತುದಿ ಮುರಿದಿದ್ದರೆ "ಉಳಿದಿರುವ ಸುರುಳಿಗಳು" ಅಂತಲೇ ಬರೆಯಿರಿ. ಊಹಿಸಿ ಲೆಕ್ಕ ತುಂಬಬೇಡಿ. ಕಳೆದ ಸಲ ನಾನೇ ಹಾಗೆ ಮಾಡಿ ನಗೆಪಾಟಲಾದೆ.

ಇನ್ನೊಂದು ವಿಷಯ. 1804ರಲ್ಲಿ ಫ್ರೆಂಚ್ ಜೀವವಿಜ್ಞಾನಿ ಲಮಾರ್ಕ್ ಇದನ್ನು ಸೆರಿಥಿಯಮ್ ಕುಲಕ್ಕೆ (ಕುಲ ಅಂದರೆ ಹತ್ತಿರದ ಪ್ರಭೇದಗಳ ಗುಂಪು) ಸೇರಿಸಿದ್ದರು. ಆಮೇಲೆ ಕುಲ ಬದಲಾಗಿ ಕ್ಯಾಂಪನೈಲ್ ಆಯಿತು. ಅದಕ್ಕೇ ವೈಜ್ಞಾನಿಕ ಹೆಸರಿನ ಮುಂದೆ ಅವರ ಹೆಸರು, ವರ್ಷ ಎರಡೂ ಆವರಣದೊಳಗೆ ಬರಬೇಕು. ಜಾಸ್ತಿ ಜನ ತಪ್ಪುವುದು ಇಲ್ಲೇ. ಈ ಕುಲದಲ್ಲಿ ಇವತ್ತು ಬದುಕಿರುವುದು ಒಂದೇ ಪ್ರಭೇದ, ನೈಋತ್ಯ ಆಸ್ಟ್ರೇಲಿಯಾದ ಕಡಲಲ್ಲಿ. ಅದರ ಫೋಟೊವೂ ಇದೆ, ಹೋಲಿಸಿ ನೋಡಿ.

ಶನಿವಾರ ರಾತ್ರಿ 9ರೊಳಗೆ ಕಳಿಸಿ. ಬರುವವರು ದಯವಿಟ್ಟು "ಬರ್ತೀನಿ" ಅಂತ ಬರೆಯಿರಿ. ಸುಮ್ನೆ ಹೆಬ್ಬೆರಳು ಒತ್ತಿದರೆ ಯಾರು ಬರುತ್ತಾರೋ ಗೊತ್ತಾಗುವುದಿಲ್ಲ.