ವಿದ್ಯಾರ್ಥಿವೇತನದ ಕೆಲಸ ಪ್ರವೇಶದ ದಿನವೇ ಆಗಲಿ

ಸಂಪಾದಕರಿಗೆ,

ಮಾನ್ಯರೇ,

ಕಾಲೇಜಿನ ಕೌಂಟರಿನಲ್ಲಿ ಶುಲ್ಕ ಕೇಳುವುದು ಮೊದಲ ದಿನ. ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಖಾತೆಗೆ ಬೀಳುವುದು ತಿಂಗಳುಗಳು ಕಳೆದ ಮೇಲೆ, ಎಷ್ಟೋ ಸಲ ಮುಂದಿನ ತರಗತಿ ಶುರುವಾದ ಮೇಲೆ. ನಡುವಿನ ಅವಧಿಯನ್ನು ಕೂಲಿ ಕುಟುಂಬಗಳು ಕೈಸಾಲ ಮಾಡಿ, ಸಂಘದಲ್ಲಿ ಸಾಲ ಎತ್ತಿ, ಒಡವೆ ಅಡವಿಟ್ಟು ದಾಟುತ್ತಿವೆ. ಅನುದಾನ ಬಿಡುಗಡೆ ತಡವಾಗುವುದು ಇದಕ್ಕೊಂದು ಕಾರಣ. ಆದರೆ ಅನುದಾನ ಬಂದ ಮೇಲೂ ಹಣ ಸಿಗದ ಮಕ್ಕಳು ಪ್ರತಿ ಕಾಲೇಜಿನಲ್ಲೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಅನರ್ಹರಲ್ಲ. ಹೆಸರಿನ ಒಂದಕ್ಷರ, ಮುಗಿದುಹೋದ ಆದಾಯ ಪ್ರಮಾಣಪತ್ರ, ಮಲಗಿರುವ ಬ್ಯಾಂಕ್ ಖಾತೆ, ಇಂಥವುಗಳಿಂದ ಅವರ ಅರ್ಜಿ ನಿಂತಿರುತ್ತದೆ. ಇವನ್ನೆಲ್ಲ ಪ್ರವೇಶದ ದಿನವೇ ಪರಿಶೀಲಿಸಬಹುದು. ನಮ್ಮಲ್ಲಿ ಆ ಕೆಲಸ ನಡೆಯುವುದು ಅರ್ಜಿಯ ಕೊನೆಯ ದಿನಾಂಕದ ಹಿಂದಿನ ವಾರ, ಸರ್ವರ್ ಉಸಿರುಗಟ್ಟಿರುವ ಹೊತ್ತಿನಲ್ಲಿ.

ಮೊದಲನೆಯದು ಹೆಸರು. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶವಾದ ಎಸ್‌ಎಸ್‌ಪಿಯಲ್ಲಿ ವಿದ್ಯಾರ್ಥಿಯ ಹೆಸರು ಆಧಾರ್‌ನಿಂದ ಬರುತ್ತದೆ. ಜಾತಿ, ಆದಾಯದ ವಿವರ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ನಮೂದಿಸಿದಾಗ ನಾಡಕಚೇರಿಯ ದತ್ತಾಂಶದಿಂದ ಬರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರು ಮುಂದೆ, ಆದಾಯ ಪ್ರಮಾಣಪತ್ರದಲ್ಲಿ ಇನ್ನೊಂದು ಕಾಗುಣಿತ ಇದ್ದರೆ ತಾಳೆ ಬೀಳುವುದಿಲ್ಲ. ಅಂಕಪಟ್ಟಿಯ ಹೆಸರನ್ನೇ ಆಧಾರವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸುವುದು ಒಳ್ಳೆಯದು, ಏಕೆಂದರೆ ಅಂಕಪಟ್ಟಿ ತಿದ್ದಿಸಲು ಶಾಲೆ, ಪರೀಕ್ಷಾ ಮಂಡಳಿ ಎಂದು ಸುತ್ತಬೇಕಾಗುತ್ತದೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಸೈಬರ್ ಸೆಂಟರಿನಲ್ಲಿ ಯಾರೋ ಹೇಳಿದರೆಂದು ಅವಸರದಲ್ಲಿ ಒಂದನ್ನು ಕಳೆದುಕೊಂಡರೆ ಮುಂದೆ ಕಷ್ಟ. ಕ್ರಮವೂ ಮುಖ್ಯ: ಮೊದಲು ಆಧಾರ್, ಆಮೇಲೆ ಆದಾಯ ಪ್ರಮಾಣಪತ್ರ, ಕೊನೆಗೆ ಬ್ಯಾಂಕ್. ತಪ್ಪು ಹೆಸರಿನಲ್ಲಿ ಆರ್‌ಡಿ ಸಂಖ್ಯೆ ಪಡೆದು ಬಳಿಕ ಆಧಾರ್ ತಿದ್ದಿಸಿದವರು ನಾಡಕಚೇರಿಗೆ ಮತ್ತೆ ಹೋಗಬೇಕಾಗುತ್ತದೆ. ಜೊತೆಗೆ, ಹದಿನೈದು ವರ್ಷ ತುಂಬಿದ ಮೇಲೆ ಬೆರಳಚ್ಚು, ಕಣ್ಣಿನ ಪಾಪೆಯ ದಾಖಲೆಯನ್ನು ನವೀಕರಿಸುವುದು ಕಡ್ಡಾಯ. 17ರೊಳಗೆ ಮಾಡಿಸಿದರೆ ಶುಲ್ಕವಿಲ್ಲ. ಪಿಯು ಕಾಲೇಜುಗಳು ಮನಸ್ಸು ಮಾಡಿದರೆ ಪದವಿಗೆ ಬರುವ ಹೊತ್ತಿಗೆ ಈ ತೊಡಕು ಇರುವುದೇ ಇಲ್ಲ.

ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ಪರಿಶಿಷ್ಟ ಜಾತಿ, ಪಂಗಡದವರಿಗೆ ಜಾತಿ ಪ್ರಮಾಣಪತ್ರ ಬೇರೆ, ಆದಾಯ ಪ್ರಮಾಣಪತ್ರ ಬೇರೆ. ಜಾತಿಯದು ಶಾಶ್ವತವಾದ್ದರಿಂದ ಆದಾಯದ್ದೂ ಹಾಗೆಯೇ ಎಂದು ನಂಬಿ ಕೂತವರು ಬಹಳ. 2ಎ, 3ಎ, 3ಬಿ ವರ್ಗದವರಿಗೆ ಎರಡೂ ಒಂದೇ ಪತ್ರದಲ್ಲಿರುತ್ತವೆ, ಅದರ ಅವಧಿಯೂ ಮುಗಿಯುತ್ತದೆ. ಹತ್ತನೇ ತರಗತಿಯಲ್ಲಿ ಮಾಡಿಸಿದ ಪತ್ರ ಪದವಿಯ ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ಸತ್ತಿರುತ್ತದೆ. ಎರಡು ವರ್ಷ ಸರಾಗವಾಗಿ ಬಂದ ವೇತನ ಮೂರನೇ ವರ್ಷ ನಿಲ್ಲಲು ಇದೇ ಸಾಮಾನ್ಯ ಕಾರಣ. ಪ್ರವೇಶದ ವೇಳೆ ಪತ್ರ ಇದೆಯೇ ಎಂದಷ್ಟೇ ನೋಡದೆ, ಕೋರ್ಸ್ ಮುಗಿಯುವವರೆಗೆ ಬಾಳುತ್ತದೆಯೇ ಎಂದು ಗುಮಾಸ್ತರು ನೋಡಬೇಕು.

ಈಗ ಬ್ಯಾಂಕ್ ವಿಚಾರ. ಹೆಚ್ಚು ಹಣ ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ವಿದ್ಯಾರ್ಥಿ ಬರೆದುಕೊಟ್ಟ ಖಾತೆ ಸಂಖ್ಯೆಗೆ ಹಣ ಹೋಗುವುದಿಲ್ಲ, ಆಧಾರ್ ಸಂಖ್ಯೆಗೆ ಹೋಗುತ್ತದೆ. ಆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಪಟ್ಟಿ ಹೇಳುತ್ತದೆ. ಒಂದು ಆಧಾರ್‌ಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕ್, ಅದೂ ಕೊನೆಯದಾಗಿ ಈ ಜೋಡಣೆ, ಅಂದರೆ ಸೀಡಿಂಗ್ ಆದ ಬ್ಯಾಂಕ್. ಖಾತೆ ತೆರೆಯುವಾಗ ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಸೀಡಿಂಗ್ ಆಗುವುದಿಲ್ಲ. ನೇರ ನಗದು ವರ್ಗಾವಣೆಗೆ (ಡಿಬಿಟಿ) ಒಪ್ಪಿಗೆ ಸೂಚಿಸುವ ನಮೂನೆಗೆ ಪ್ರತ್ಯೇಕವಾಗಿ ಸಹಿ ಹಾಕಬೇಕು. ಇನ್ನೊಂದು ತುದಿಯಲ್ಲಿ, ಸಿಮ್ ಕೊಳ್ಳುವಾಗಲೋ ಅಂಚೆಯವರ ಬಳಿಯೋ ಹೆಬ್ಬೆಟ್ಟು ಒತ್ತಿ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಸೀಡಿಂಗ್ ವರ್ಗವಾಗಿ, ವಿದ್ಯಾರ್ಥಿವೇತನ ಅಲ್ಲಿ ಬಿದ್ದಿರುತ್ತದೆ. ಹುಡುಗಿ ಮಾತ್ರ ರಾಷ್ಟ್ರೀಕೃತ ಬ್ಯಾಂಕಿನ ಪಾಸ್‌ಬುಕ್ ಹಿಡಿದು ಬಂದಿಲ್ಲ, ಬಂದಿಲ್ಲ ಎಂದು ಅಲೆಯುತ್ತಿರುತ್ತಾಳೆ. ಮೈ ಆಧಾರ್ ಜಾಲತಾಣಕ್ಕೆ ಒಟಿಪಿ ಕೊಟ್ಟು ಒಳಹೊಕ್ಕರೆ ಬ್ಯಾಂಕ್ ಸೀಡಿಂಗ್ ಸ್ಥಿತಿ ಎಂಬ ಆಯ್ಕೆ ಇದೆ. ಯಾವ ಬ್ಯಾಂಕ್, ಸೀಡಿಂಗ್ ಸಕ್ರಿಯವೇ ಎಂಬುದು ಎರಡೇ ನಿಮಿಷದಲ್ಲಿ ತಿಳಿಯುತ್ತದೆ.

ಸೀಡಿಂಗ್ ಸರಿಯಿದ್ದರೂ ಹಣ ಹಿಂದಿರುಗುವುದುಂಟು. ಹೈಸ್ಕೂಲಿನಲ್ಲಿದ್ದಾಗ ಅಪ್ರಾಪ್ತ ವಯಸ್ಕರ ಹೆಸರಿನಲ್ಲಿ ತೆರೆದ ಖಾತೆಗೆ ಹದಿನೆಂಟು ತುಂಬಿದ ಮೇಲೆ ಹೊಸದಾಗಿ ಕೆವೈಸಿ ಕೊಡಬೇಕು. ಕೊಡದಿದ್ದರೆ ಬ್ಯಾಂಕ್ ಅದೇ ಕಾರಣ ನಮೂದಿಸಿ ಹಣ ವಾಪಸ್ ಕಳಿಸುತ್ತದೆ. ಪದವಿಯ ಮೊದಲ ವರ್ಷದ ಮಕ್ಕಳೆಲ್ಲ ಸರಿಯಾಗಿ ಈ ವಯಸ್ಸಿನವರೇ. ಪೂರ್ಣ ಕೆವೈಸಿ ಇಲ್ಲದ ಸಣ್ಣ ಖಾತೆಗಳಲ್ಲಿ ಯಾವ ಹೊತ್ತಿನಲ್ಲೂ 50,000 ರೂಪಾಯಿಗಿಂತ ಹೆಚ್ಚು ಇರುವಂತಿಲ್ಲ, ವರ್ಷಕ್ಕೆ ಒಟ್ಟು 1 ಲಕ್ಷಕ್ಕಿಂತ ಹೆಚ್ಚು ಜಮೆಯಾಗುವಂತಿಲ್ಲ. ಸರ್ಕಾರಿ ನೆರವಿನ ಜಮೆಗೆ ಮೊದಲ ಮಿತಿ ಅನ್ವಯಿಸದಿದ್ದರೂ, ಎಂಜಿನಿಯರಿಂಗ್, ನರ್ಸಿಂಗ್ ಶುಲ್ಕದ ದೊಡ್ಡ ಮೊತ್ತ ವಾರ್ಷಿಕ ಮಿತಿಗೆ ಬಡಿದು ಹಿಂದಿರುಗಬಹುದು. ಎರಡು ವರ್ಷ ವಹಿವಾಟಿಲ್ಲ ಎಂದು ಖಾತೆಯನ್ನು ನಿಷ್ಕ್ರಿಯ ಎನ್ನುವ ಶಾಖೆಗಳಿಗೆ ಒಂದು ಮಾತು: ವಿದ್ಯಾರ್ಥಿವೇತನ ಹಾಗೂ ಸರ್ಕಾರಿ ಯೋಜನೆಗಳ ಫಲಾನುಭವಿಗಳ ಶೂನ್ಯ ಶಿಲ್ಕಿನ ಖಾತೆಗಳನ್ನು ಆ ಕಾರಣಕ್ಕೆ ನಿಷ್ಕ್ರಿಯಗೊಳಿಸಬಾರದೆಂದು ರಿಸರ್ವ್ ಬ್ಯಾಂಕ್ ಸೂಚನೆ ನೀಡಿದ್ದು, ಅದು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿಷ್ಕ್ರಿಯ ಖಾತೆಗೆ ಮತ್ತೆ ಚಾಲನೆ ಕೊಡಲು ಶುಲ್ಕ ಕೇಳುವಂತೆಯೂ ಇಲ್ಲ. ಕರ್ನಾಟಕ ಗ್ರಾಮೀಣ, ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್‌ಗಳು 2025ರ ಮೇ 1ರಂದು ಒಂದಾಗಿವೆ. ಆ ಹಳೆಯ ಪಾಸ್‌ಬುಕ್ ಇರುವವರು ಸೀಡಿಂಗ್ ಸ್ಥಿತಿಯನ್ನೂ ಹೊಸ ಐಎಫ್‌ಎಸ್‌ಸಿಯನ್ನೂ ಒಮ್ಮೆ ನೋಡಿಕೊಳ್ಳುವುದು ಕ್ಷೇಮ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ವಿಷಯದಲ್ಲಿ ಈ ಎಚ್ಚರ ವರ್ಷಕ್ಕೆರಡು ಬಾರಿ ಬೇಕು. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಅವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯೋಜನೆಗೆ ಐದು ವರ್ಷಗಳಿಗೆ 59,048 ಕೋಟಿ ರೂಪಾಯಿ ಒಪ್ಪಿ, ವೆಚ್ಚವನ್ನು ಕೇಂದ್ರ ಶೇ 60, ರಾಜ್ಯ ಶೇ 40ರಂತೆ ಹಂಚಿತು. ರಾಜ್ಯದ ಪಾಲು ಮೊದಲು ಜಮೆಯಾಗಬೇಕು, ಆಮೇಲಷ್ಟೇ ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಬರುತ್ತದೆ. ಇವೆರಡರ ನಡುವೆ ಮಗು ಹೊಸ ಖಾತೆ ತೆರೆದು ಸೀಡಿಂಗ್ ಬದಲಾಗಿದ್ದರೆ ದೊಡ್ಡ ಪಾಲು ಬೇರೆಡೆಗೆ ಹೋಗುತ್ತದೆ. ಮನೆಯವರು ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಹೀಗೆ ಬಂದ ಹಣದಲ್ಲಿ ಕಾಲೇಜಿನ ಶುಲ್ಕವೂ ಸೇರಿರುತ್ತದೆ. ವಿದ್ಯಾರ್ಥಿಯ ಸ್ವಂತ ಖರ್ಚಿಗೆಂದು ಇರುವ ಶೈಕ್ಷಣಿಕ ಭತ್ಯೆ ಬೇರೆ: ವೃತ್ತಿಪರ ಪದವಿಗೆ ಹಾಸ್ಟೆಲ್‌ನಲ್ಲಿರುವವರಿಗೆ ವರ್ಷಕ್ಕೆ 13,500, ಮನೆಯಿಂದ ಬರುವವರಿಗೆ 7,000, ಬಿಎ, ಬಿಕಾಂನಂಥ ಸಾಮಾನ್ಯ ಪದವಿಗೆ 6,000 ಮತ್ತು 3,000. ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೆ ಈ ನೆರವಿಲ್ಲ. ವಿದ್ಯಾರ್ಥಿವೇತನ ಮಾಡಿಸಿಕೊಡುತ್ತೇವೆ ಎಂದು ಅಂಥ ಸೀಟು ಮಾರುವ ಮಧ್ಯವರ್ತಿಗಳ ಮಾತು ನಂಬಬಾರದು.

ಇದೇ ಯೋಜನೆಯ ಮಾರ್ಗಸೂಚಿಯಲ್ಲಿ ಫ್ರೀಶಿಪ್ ಕಾರ್ಡ್ ಎಂಬುದೊಂದಿದೆ. ಅರ್ಹ ವಿದ್ಯಾರ್ಥಿಗೆ ರಾಜ್ಯ ಮುಂಚಿತವಾಗಿ ಈ ಕಾರ್ಡ್ ಕೊಟ್ಟರೆ, ಕಾಲೇಜು ಬೋಧನಾ ಶುಲ್ಕವನ್ನು ಮೊದಲೇ ಕಟ್ಟಿಸಿಕೊಳ್ಳದೆ ಪ್ರವೇಶ ಕೊಡಬೇಕು. ಹಣ ಖಾತೆಗೆ ಬಂದ ಕೂಡಲೇ ವಿದ್ಯಾರ್ಥಿ ಕಾಲೇಜಿಗೆ ಸಂದಾಯ ಮಾಡಬೇಕು. ನಮ್ಮ ಈ ಪತ್ರದ ಮುಖ್ಯ ಬೇಡಿಕೆ ಇದೇ. ದ್ವಿತೀಯ ಪಿಯು ಫಲಿತಾಂಶದ ಹೊತ್ತಿಗೆ ಸಮಾಜ ಕಲ್ಯಾಣ ಇಲಾಖೆಯ ಬಳಿ ಆರ್‌ಡಿ ಸಂಖ್ಯೆ, ಆಧಾರ್, ಪಿಯುವಿನಲ್ಲಿ ಪಡೆದ ವೇತನದ ದಾಖಲೆ ಎಲ್ಲವೂ ಇರುತ್ತವೆ. ಅರ್ಹತೆಯನ್ನು ಹೊಸದಾಗಿ ತೀರ್ಮಾನಿಸಲು ಏನೂ ಉಳಿದಿರುವುದಿಲ್ಲ. ಫಲಿತಾಂಶದ ಜೊತೆಗೇ ಪ್ರತಿ ಅರ್ಹ ವಿದ್ಯಾರ್ಥಿಯ ಕೈಗೆ ಕಾರ್ಡ್ ತಲುಪಲಿ. ಹಿಂದುಳಿದ ವರ್ಗಗಳ ಇಲಾಖೆಯೂ ತನ್ನ ಶುಲ್ಕ ಮರುಪಾವತಿಗೆ ಇದೇ ಪದ್ಧತಿ ತರಲಿ. ಶುಲ್ಕ ಬಾಕಿ ಇದೆಯೆಂದು ಪರೀಕ್ಷೆಯ ಪ್ರವೇಶಪತ್ರ, ವರ್ಗಾವಣೆ ಪತ್ರ ತಡೆಹಿಡಿಯುವ ಸಂಸ್ಥೆಗಳಿಗೆ ಆಗ ನೆಪವೂ ಇರುವುದಿಲ್ಲ.

ಆದಾಯ ಮಿತಿಯ ಬಗ್ಗೆಯೂ ಹೇಳಲೇಬೇಕು. ಪರಿಶಿಷ್ಟ ಜಾತಿಯವರ ಈ ಯೋಜನೆಯಲ್ಲಿ ಮಿತಿ ವರ್ಷಕ್ಕೆ 2.5 ಲಕ್ಷ, ಅಂದರೆ ತಿಂಗಳಿಗೆ 20,833 ರೂಪಾಯಿ. ತಾಯಿ ಗಾರ್ಮೆಂಟ್ಸ್‌ನಲ್ಲಿ, ತಂದೆ ಸೆಕ್ಯುರಿಟಿ ಕೆಲಸದಲ್ಲಿ ತಲಾ 12,000 ದುಡಿದರೂ 2.88 ಲಕ್ಷವಾಗಿ ಮಗ ಹೊರಗುಳಿಯುತ್ತಾನೆ. ಕೇಂದ್ರದ್ದೇ ಇನ್ನೊಂದು ವಿದ್ಯಾರ್ಥಿವೇತನಕ್ಕೆ 4.5 ಲಕ್ಷ, ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿಗೆ 8 ಲಕ್ಷ ಮಿತಿ ಇರುವಾಗ ಇಲ್ಲಿ ಮಾತ್ರ ಈ ಮೊತ್ತವನ್ನು ಹಿಡಿದು ಕೂರುವುದು ಅನ್ಯಾಯ.

ಆ 4.5 ಲಕ್ಷದ ಯೋಜನೆ, ಅಂದರೆ ಪಿಎಂ-ಯುಎಸ್‌ಪಿ ಕೇಂದ್ರ ವಲಯದ ವಿದ್ಯಾರ್ಥಿವೇತನ, ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಎನ್‌ಎಸ್‌ಪಿಯಲ್ಲಿದೆ. ನಮ್ಮ ಹಳ್ಳಿಗಾಡಿನ ಕಾಲೇಜುಗಳಲ್ಲಿ ಅದರ ಸುದ್ದಿಯೇ ಇಲ್ಲ. ಪದವಿಯ ಮೊದಲ ಮೂರು ವರ್ಷ ವಾರ್ಷಿಕ 12,000, ಸ್ನಾತಕೋತ್ತರಕ್ಕೆ 20,000 ಸಿಗುತ್ತದೆ, ಒಟ್ಟು ವಿದ್ಯಾರ್ಥಿವೇತನಗಳಲ್ಲಿ ಅರ್ಧ ಹುಡುಗಿಯರಿಗೆ ಮೀಸಲು. ಜಾತಿಯ ಷರತ್ತಿಲ್ಲ. ಪಿಯುವಿನಲ್ಲಿ ತಮ್ಮ ವಿಭಾಗದ ಮೇಲಿನ ಶೇ 20 ಮಂದಿಯೊಳಗೆ ಇರಬೇಕು. ನಿಯಮದಲ್ಲಿ 80ನೇ ಪರ್ಸೆಂಟೈಲ್ ಎಂದಿರುವ ಇದನ್ನು ಶೇ 80 ಅಂಕ ಎಂದು ತಿಳಿದು, ಕಲಾ ವಿಭಾಗದಲ್ಲಿ ಅರ್ಹರಾಗಿದ್ದವರೂ ಅರ್ಜಿ ಹಾಕದೆ ಬಿಡುತ್ತಾರೆ. ನವೀಕರಣಕ್ಕೆ ಶೇ 50 ಅಂಕ, ಶೇ 75 ಹಾಜರಾತಿ ಸಾಕು. ಎಂಜಿನಿಯರಿಂಗ್ ಆಯ್ದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕೌನ್ಸೆಲಿಂಗ್‌ನಲ್ಲಿ ಎಸ್‌ಎನ್‌ಕ್ಯು (ಸೂಪರ್‌ನ್ಯೂಮರರಿ ಕೋಟಾ) ಸೀಟುಗಳನ್ನು ಮರೆಯಬಾರದು: ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿ, ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು, ಬೋಧನಾ ಶುಲ್ಕ ಮಾತ್ರ ಮನ್ನಾ. ಹಾಸ್ಟೆಲ್ ಸಿಗದ ಮಕ್ಕಳಿಗೆಂದು ರಾಜ್ಯ 2013-14ರಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ ಆರಂಭಿಸಿದ ವಿದ್ಯಾಸಿರಿಗೆ, ಮೊದಲು ಹಾಸ್ಟೆಲ್‌ಗೆ ಅರ್ಜಿ ಹಾಕಿರಬೇಕು ಎಂಬುದು ಗೊತ್ತಿಲ್ಲದೆ ತಪ್ಪಿಸಿಕೊಂಡವರಿದ್ದಾರೆ.

ಕಾಲೇಜುಗಳ ಕಡೆಯ ಲೋಪಗಳೂ ಕಡಿಮೆಯಿಲ್ಲ. ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ ತಡವಾಗಿ ಬರುತ್ತದೆ, ಕೋರ್ಸಿನ ಶುಲ್ಕ ವಿವರವನ್ನು ತಂತ್ರಾಂಶದಲ್ಲಿ ತುಂಬಿರುವುದಿಲ್ಲ, ವಿದ್ಯಾರ್ಥಿವೇತನದ ಹೊಣೆ ಹೊತ್ತ ನೋಡಲ್ ಅಧಿಕಾರಿ ವರ್ಗವಾಗಿ ಹೋದ ಮೇಲೂ ಒಟಿಪಿ ಅವರ ಮೊಬೈಲಿಗೇ ಹೋಗುತ್ತಿರುತ್ತದೆ. ಅರ್ಜಿ ಸಲ್ಲಿಸಿಯಾಯಿತು ಎಂದು ನಿರಾಳವಾದ ವಿದ್ಯಾರ್ಥಿಗೆ, ಕಾಲೇಜಿನ ಲಾಗಿನ್‌ನಲ್ಲಿ ಅದು ಪರಿಶೀಲನೆಯಾಗದೆ ಉಳಿದಿರುವುದು ತಿಳಿಯುವುದೇ ಇಲ್ಲ. ತಿಂಗಳಿಗೊಮ್ಮೆ ಎಸ್‌ಎಸ್‌ಪಿಯಲ್ಲಿ ಸ್ಥಿತಿಯನ್ನೂ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಪಾವತಿಯನ್ನೂ ನೋಡಿಕೊಳ್ಳುವ ಅಭ್ಯಾಸ ಬೇಕು. ಇಲಾಖೆಗಳು ತಮ್ಮ ಪಾಲಿನದನ್ನು ಮಾಡಲಿ: ಪಾವತಿ ವಿಫಲವಾದ ದಿನವೇ ಕಾರಣವನ್ನು ಕನ್ನಡದಲ್ಲಿ ವಿದ್ಯಾರ್ಥಿಯ ಮೊಬೈಲಿಗೆ ಕಳಿಸಲಿ, ಸರಿಪಡಿಸಿದ ಬಳಿಕ ಎಷ್ಟು ದಿನದೊಳಗೆ ಹಣ ಮತ್ತೆ ಕಳಿಸುತ್ತಾರೆ ಎಂಬುದನ್ನು ಅದರಲ್ಲೇ ತಿಳಿಸಲಿ. ಪ್ರತಿ ತಾಲ್ಲೂಕಿನಲ್ಲಿ ಪ್ರವೇಶದ ತಿಂಗಳು ನಾಡಕಚೇರಿ, ಆಧಾರ್ ಕೇಂದ್ರ, ಲೀಡ್ ಬ್ಯಾಂಕ್ ಸಿಬ್ಬಂದಿ ಒಂದೇ ದಿನ ಕಾಲೇಜಿನ ಆವರಣಕ್ಕೆ ಬಂದು ಕೂರುವಂತೆ ಜಿಲ್ಲಾಧಿಕಾರಿಗಳು ಆದೇಶಿಸಲಿ. ಇದಕ್ಕೆ ಹೊಸ ಕಾಯ್ದೆಯೂ ಬೇಡ, ಹೊಸ ಅನುದಾನವೂ ಬೇಡ.

ಇತಿ,
ಕಾಲೇಜು ವಿದ್ಯಾರ್ಥಿವೇತನ ವಿಭಾಗದ ಸಿಬ್ಬಂದಿ,
ಹಾವೇರಿ ಜಿಲ್ಲೆ